ನಾಲ್ಕೂಮುಕ್ಕಾಲು ಮೀಟರ್ ಎತ್ತರದ ದಾರಿ: ಬಿಡದಿಯಿಂದ ಪುಣೆ ಹತ್ತಿರದ ಚಾಕಣಕ್ಕೆ ಹೋಗಿ ಬಂದದ್ದು

ಮಂಗಳವಾರ, ಬಿಡದಿ

2025ರ ಸೆಪ್ಟೆಂಬರ್ 22ರಿಂದ ಕಾರಿನ ಮೇಲಿನ ಜಿಎಸ್‌ಟಿ ಇಳಿಯುತ್ತೆ ಅಂತ ಗೊತ್ತಾದದ್ದೇ ತಡ, ಎಲ್ಲರೂ ಕಾರು ಬುಕ್ ಮಾಡಿ ಕೂತರು, ಮನೆಗೆ ತಂದವರು ಕಡಿಮೆ. ಹಳೇ ತೆರಿಗೆಯ ಮಾಲು ನಮಗೆ ಬೇಡ ಅಂತ ಶೋರೂಮಿನವರೂ ಕೈ ಕಟ್ಟಿಕೊಂಡರು. ಅಲ್ಲಿ ಬಿಲ್ ಆಗದಿದ್ದರೆ, ಕಾರ್ಖಾನೆಯಿಂದ ಶೋರೂಮಿಗೆ ಎರಡಂತಸ್ತಿನ ಟ್ರೈಲರಿನಲ್ಲಿ ಹೊಸ ಕಾರು ಸಾಗಿಸುವ ನಮಗೆ ಇಲ್ಲಿ ಲೋಡಿಲ್ಲ. ಆ ತಿಂಗಳ ಅರ್ಧ ಭಾಗ ಟ್ರೈಲರ್ ನಿಲ್ಲಿಸಿಕೊಂಡು, ಒಬ್ಬರ ಗಾಡಿಯ ಟೈರು ಇನ್ನೊಬ್ಬರು ತಟ್ಟಿ ನೋಡುತ್ತ ಕಾಲ ಕಳೆದೆವು. ಸೋಮವಾರ 22ನೇ ತಾರೀಖು, ನವರಾತ್ರಿಯ ಮೊದಲ ದಿನವೂ ಹೌದು. ಮಾರನೇ ದಿನ ಬೆಳಗ್ಗೆ ನಾನು ಬಿಡದಿ ಕೈಗಾರಿಕಾ ಪ್ರದೇಶದ ಹತ್ತಿರ ಬಂದರೆ ಯಾರ್ಡಿನ ಗೇಟು ಕಾಣದಷ್ಟು ಉದ್ದ ಸಾಲು. ಸಣ್ಣ ಕಾರಿನ ತೆರಿಗೆ 28ರಿಂದ 18ಕ್ಕೆ ಇಳಿದಿತ್ತು, ದೊಡ್ಡದಕ್ಕೆ ಸೆಸ್ ತೆಗೆದು ಸಪಾಟಾಗಿ 40 ಮಾಡಿದ್ದರು. ಸಣ್ಣದೋ ದೊಡ್ಡದೋ, ಅಕ್ಟೋಬರ್ 1ರ ಆಯುಧ ಪೂಜೆಗೆ ಎಲ್ಲರ ಮನೆ ಮುಂದೆ ಕಾರು ನಿಂತಿರಬೇಕು.

ಸಾಲಿನಲ್ಲಿದ್ದವರಲ್ಲಿ ಕನ್ನಡದವರು ಕಡಿಮೆ. ಮೇವಾತ್, ಅಲ್ವರ್, ಉತ್ತರ ಪ್ರದೇಶದ ಕಡೆಯವರೇ ಜಾಸ್ತಿ. ನವರಾತ್ರಿ ಉಪವಾಸದ ಒಬ್ಬರು ಟ್ರೈಲರ್ ಪಕ್ಕದ ಪೆಟ್ಟಿಗೆಯ ಬಾಗಿಲನ್ನೇ ಕಟ್ಟೆ ಮಾಡಿಕೊಂಡು ಸಾಬೂದಾನಿ ಬೇಯಿಸುತ್ತಿದ್ದರು. ನನ್ನ ಪೆಟ್ಟಿಗೆಯಲ್ಲಿ ರಾಗಿ ಹಿಟ್ಟು, ಹುರುಳಿಕಾಳು, ಒಂದು ಕುಕ್ಕರ್. ಬೆಂಗಳೂರಿನವರು ಬಿಡದಿಗೆ ತಟ್ಟೆ ಇಡ್ಲಿ ತಿನ್ನಲು ಬರುತ್ತಾರೆ. ನನಗೆ ಈ ಸಾಲು ಬಿಟ್ಟು ಅಲ್ಲಿಯವರೆಗೆ ಹೋಗಿಬರುವ ಧೈರ್ಯ ಯಾವತ್ತೂ ಬಂದಿಲ್ಲ. ಹೋದರೆ ನಂಬರ್ ಹೋಗುತ್ತೆ.

ನಮ್ಮ ಗಾಡಿಯ ಅಳತೆ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಉದ್ದ 18.75 ಮೀಟರ್. ಕಾಯ್ದೆ ಪ್ರಕಾರ ಎತ್ತರ 4.75 ಮೀಟರ್ ದಾಟಬಾರದು. ಅಂದರೆ ನೆಲದಿಂದ ಅಳೆದರೆ, ಮೇಲಿನ ಅಂತಸ್ತಿನ ಕಾರಿನ ನೆತ್ತಿ ಹದಿನೈದೂವರೆ ಅಡಿ ಮೇಲಿರುತ್ತೆ. ಹೆದ್ದಾರಿಯ ಮೇಲ್ಸೇತುವೆಗಳನ್ನು ಐದೂವರೆ ಮೀಟರ್ ಬಿಟ್ಟು ಕಟ್ಟುತ್ತಾರೆ, ಅಲ್ಲಿ ಚಿಂತೆಯಿಲ್ಲ. ಹೆದ್ದಾರಿ ಬಿಟ್ಟು ಇಳಿದ ಮೊದಲ ನಿಮಿಷದಿಂದ ಕಣ್ಣು ಮೇಲಕ್ಕೆ. ಬೇರೆ ಲಾರಿಯವರು ಗುಂಡಿ ನೋಡಿಕೊಂಡು ಓಡಿಸುತ್ತಾರೆ. ನಾವು ಮರದ ಕೊಂಬೆ, ಕೇಬಲ್, ಕಮಾನು, ಪೆಂಡಾಲು ನೋಡಿಕೊಂಡು ಓಡಿಸುತ್ತೇವೆ, ಗುಂಡಿ ಸಿಕ್ಕಿದರೆ ಸಿಗಲಿ.

ಮಧ್ಯಾಹ್ನದ ಮೇಲೆ ಲೋಡಿಂಗ್. ಆರು ಇನ್ನೋವಾ ಹೈಕ್ರಾಸ್: ಹುಬ್ಬಳ್ಳಿಗೆ ಮೂರು, ಬೆಳಗಾವಿಗೆ ಮೂರು. ಸಣ್ಣ ಕಾರಾದರೆ ಎಂಟು ಕೂರುತ್ತವೆ. ಈ ಕಾರು ಹತ್ತಿರ ಹತ್ತಿರ 4.76 ಮೀಟರ್ ಉದ್ದ, ಮೇಲೆ ಮೂರು ಕೆಳಗೆ ಮೂರು ಇಟ್ಟರೆ ಮುಗೀತು. ಮೇಲಿನ ಅಂತಸ್ತಿಗೇ ಮೊದಲು ಹತ್ತಿಸಬೇಕು, ಕೆಳಗಿನದು ಆಮೇಲೆ. ಇಳಿಸುವಾಗ ತಿರುಗಾಮುರುಗಾ. ಹಾಗಾಗಿ ಕೊನೆಗೆ ತಲುಪಿಸುವ ಬೆಳಗಾವಿ ಕಾರುಗಳು ಮೇಲೆ.

ಹತ್ತಿಸುವ ಮುಂಚೆ ಸೊಂಟದ ಬೆಲ್ಟು ಬಿಚ್ಚುತ್ತೇನೆ, ಕೈಯ ಕಡಗ, ವಾಚು ತೆಗೆಯುತ್ತೇನೆ, ಅಂಗಿ ಜೇಬಿನ ಪೆನ್ನು ಕೂಡ. ಎರಡೂ ಕಡೆ ಕಬ್ಬಿಣದ ಕಂಬ. ಕಾರೊಳಗಿಂದ ಬಾಗಿಲು ತೆರೆದರೆ ಒಂದೂವರೆ ಗೇಣು ಜಾಗ ಸಿಗುತ್ತೆ, ಅದರಲ್ಲೇ ಉಸಿರು ಬಿಗಿಹಿಡಿದು ಜಾರಿ ಹೊರಬರಬೇಕು. ಬೆಲ್ಟಿನ ಬಕಲ್ ಬಾಗಿಲಿಗೆ ತಾಗಿದರೆ ಕೂದಲೆಳೆ ಗೀರು ಬೀಳುತ್ತೆ, ಆ ಗೀರು ನನ್ನ ಸಂಬಳದಲ್ಲಿ ಕಾಣಿಸುತ್ತೆ. ಹೈಬ್ರಿಡ್ ಕಾರುಗಳು ಬಂದಮೇಲೆ ಇನ್ನೊಂದು ತಾಪತ್ರಯ ಶುರುವಾಗಿದೆ. ಸ್ಟಾರ್ಟ್ ಆದದ್ದು ಗೊತ್ತಾಗುವುದಿಲ್ಲ. ಸದ್ದಿಲ್ಲ, ನಡುಕವಿಲ್ಲ. ಆಫ್ ಆಗಿದೆ ಅಂದುಕೊಂಡು ಇಳಿದು ಹೋಗಿ, ಎರಡು ದಿನದ ಮೇಲೆ ಬ್ಯಾಟರಿ ಸತ್ತ ಕಾರನ್ನು ಕೈಯಲ್ಲಿ ತಳ್ಳಿ ಇಳಿಸಿದವರ ಕಥೆ ಯಾರ್ಡಿನಲ್ಲಿ ಬೇಕಾದಷ್ಟಿವೆ. ನಾನಂತೂ ಡ್ಯಾಶ್‌ಬೋರ್ಡ್ ಕತ್ತಲಾಗುವ ತನಕ ಸೀಟು ಬಿಡುವುದಿಲ್ಲ.

ಆಮೇಲೆ ಕಟ್ಟುವ ಕೆಲಸ. ಚಕ್ರದ ಹಿಂದೆ ಮುಂದೆ ಅಡ್ಡಗಟ್ಟೆ ಇಟ್ಟು, ಟೈರಿನ ಮೇಲೆ ಬೆಲ್ಟ್ ಹಾಯಿಸಿ, ಕೆಳಗಿನ ತೂತಿಗೆ ಹುಕ್ಕು ಸಿಕ್ಕಿಸಿ, ಬೆಲ್ಟು ಬಿಗಿ ಮಾಡುವ ಹಲ್ಲಿನ ಹಿಡಿಯಾದ ರ‍್ಯಾಚೆಟ್ ಎಳೆಯಬೇಕು. ಕಟಕಟ ಸದ್ದು ನಿಂತು ಹಿಡಿ ಭಾರವಾದಾಗ ಇನ್ನೊಂದು ಹಲ್ಲು ಎಳೆದರೆ ಸಾಕು. ಎರಡು ಎಳೆದರೆ ಜಾಸ್ತಿಯಾಯಿತು, ಸಸ್ಪೆನ್ಷನ್ ಮೇಲೆ ಕೂರುತ್ತೆ. ಮಾಲು ಕಟ್ಟುವುದು ಬೇರೆ, ಕಾರು ಕಟ್ಟುವುದು ಬೇರೆ. ಕಾರು ಸ್ಪ್ರಿಂಗ್ ಮೇಲೆ ಕೂತಿರುತ್ತೆ, ದಾರಿಯುದ್ದಕ್ಕೂ ಅದು ಸ್ವಲ್ಪ ಮಿಸುಕಾಡಲೇಬೇಕು. ಮಿಸುಕಾಡಲು ಬಿಟ್ಟೂ ಜಾಗ ಬಿಡದ ಹಾಗೆ ಕಟ್ಟುವುದು ಕೈಗೆ ಬರಲು ವರ್ಷ ಬೇಕು. ನನ್ನ ಜೊತೆಗಿದ್ದ ಹಾವೇರಿ ಕಡೆಯ ಹುಡುಗನಿಗೆ ಅದು ಆರು ತಿಂಗಳಲ್ಲೇ ಬಂತು. ಅವನ ಅಪ್ಪ ಹತ್ತಿ ಅಂಡಿಗೆ ಕಟ್ಟುತ್ತಿದ್ದರಂತೆ.

ಕೊನೆಗೆ ಸುತ್ತ ಹಾಕಿ ಫೋಟೋ. ಒಂದು ಕಾರಿನ ಹಿಂದಿನ ಬಂಪರಿನ ಎಡಮೂಲೆಯಲ್ಲಿ ಉಗುರಿನಷ್ಟು ಗೀರು ಮೊದಲೇ ಇತ್ತು. ಅದನ್ನು ಲೋಡಿಂಗ್ ಶೀಟಿನಲ್ಲಿ ಬರೆಸಿ, ಚಾಸಿ ನಂಬರ್ ಕಾಣುವ ಹಾಗೆ ಫೋಟೋ ಹೊಡೆದು, ಗೇಟಿನವರ ಸಹಿ ಹಾಕಿಸಿಕೊಂಡೆ. ಅವರು ಸಿಡುಕಿದರು. ಸಿಡುಕಲಿ.

ರಾತ್ರಿ ಕುಂಬಳಗೋಡು ದಾಟಿ, ಕೆಂಗೇರಿಗೆ ಮೊದಲೇ ನೈಸ್ ರಸ್ತೆ ಹಿಡಿದು, ಮಾದಾವರದಲ್ಲಿ ತುಮಕೂರು ರಸ್ತೆಗೆ ಬಿದ್ದೆವು. ಬೆಂಗಳೂರನ್ನು ಮುಟ್ಟದೆ ಬೆಂಗಳೂರು ದಾಟುವ ದಾರಿ ಇದು. ಡಾಬಸ್‌ಪೇಟೆ ಹತ್ತಿರ ಹುಡುಗ ನಿಡವಂದ ನಿಲ್ದಾಣದ ದಿಕ್ಕಿಗೆ ಕೈ ತೋರಿಸಿದ. ಉತ್ತರದಿಂದ ಮಾರುತಿ ಕಾರುಗಳು ರೈಲಿನಲ್ಲಿ ಬಂದು ಅಲ್ಲಿ ಇಳಿಯುತ್ತವೆ. ದೆಹಲಿ ಕಡೆಯ ಉದ್ದನೆ ಬಾಡಿಗೆಗಳನ್ನು ರೈಲು ತಿಂದುಹಾಕಿತು ಅಂತ ಹಳಬರ ಗೊಣಗಾಟ. ನನಗೇನೂ ಬೇಜಾರಿಲ್ಲ. ಎರಡು ಸಾವಿರ ಚಿಲ್ಲರೆ ಕಿಲೋಮೀಟರ್ ಹೋಗಿ ಅಲ್ಲಿ ಲೋಡಿಗೆ ಕಾಯುವುದಕ್ಕಿಂತ, ಸ್ಟೇಷನ್ನಿನಿಂದ ಶೋರೂಮಿಗೆ ಓಡಿಸಿಕೊಂಡು ರಾತ್ರಿ ಮನೆಯಲ್ಲಿ ಮಲಗುವುದು ಮೇಲು. ಆ ಕೆಲಸ ಸಿಗುವವರಿಗೆ ಸಿಗುತ್ತೆ, ಅಷ್ಟೇ.

ಬುಧವಾರ, ಶಿರಾದಿಂದ ಹುಬ್ಬಳ್ಳಿ

ಶಿರಾ ಹತ್ತಿರ ನಾಲ್ಕು ತಾಸು ನಿದ್ದೆ. ಬೆಳಗ್ಗೆ ಎದ್ದ ಕೂಡಲೇ ಬೆಲ್ಟುಗಳನ್ನು ಇನ್ನೊಮ್ಮೆ ನೋಡಿದೆವು. ಮೊದಲ ನೂರು ಕಿಲೋಮೀಟರ್ ಆದಮೇಲೆ ಎಲ್ಲ ಬೆಲ್ಟೂ ಒಂದು ಹಲ್ಲು ಸಡಿಲವಾಗಿರುತ್ತೆ.

ಹಿರಿಯೂರು ದಾಟಿ ಚಿತ್ರದುರ್ಗ ಬರುವ ಹೊತ್ತಿಗೆ ಗಾಳಿ. ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಆರು ಕಾರಿನ ತೂಕ ಹತ್ತು ಟನ್ ಚಿಲ್ಲರೆ, ಅಷ್ಟೇ. ಕಬ್ಬಿಣ ತುಂಬಿದ ಟ್ರೈಲರ್ ಆದರೆ ಗಾಳಿಗೆ ಬಗ್ಗುವುದಿಲ್ಲ. ನಮ್ಮದು ಎತ್ತರ ಜಾಸ್ತಿ, ಭಾರ ಕಡಿಮೆ. ಪಕ್ಕದಿಂದ ಬೀಸಿದರೆ ಸ್ಟೀರಿಂಗು ಕೈಯಲ್ಲಿ ಮಾತಾಡುತ್ತೆ. ಐವತ್ತಕ್ಕೆ ಇಳಿಸಿ ಎಡಗಡೆ ಲೇನ್ ಹಿಡಿದೆ. ಹಿಂದಿನಿಂದ ಬಸ್ಸುಗಳು ಹಾರನ್ ಬಾರಿಸಿಕೊಂಡು ಹೋದವು.

ದಾವಣಗೆರೆಯಲ್ಲಿ ಬೆಣ್ಣೆ ದೋಸೆಯ ಮಾತು ಬಂತು. ಬೈಪಾಸಿನಿಂದ ಒಳಗೆ ಇಳಿದರೆ ವಾಪಸ್ ಬರುವ ತಿರುವು ನಮಗೆ ಸಾಲದು. ಉದ್ದ ಗಾಡಿಯವರ ಊಟ ಯಾವಾಗಲೂ ನಿಲ್ಲಿಸಲು ಜಾಗವಿದ್ದ ಕಡೆಯೇ, ರುಚಿ ಇದ್ದ ಕಡೆಯಲ್ಲ. ರಾಣೆಬೆನ್ನೂರು ದಾಟಿ ಒಂದು ಡಾಬಾದ ಅಂಗಳದಲ್ಲಿ ನಿಲ್ಲಿಸಿ ಮುದ್ದೆ ಮಾಡಿಕೊಂಡೆವು. ಹುಡುಗ ಅವರ ಊರಿನ ಫಾಟಾ, ಅಂದರೆ ಊರಿಗೆ ತಿರುಗುವ ಕವಲು, ಬಂದಾಗ ಕಿಟಕಿಯಿಂದ ತಲೆ ಹೊರಹಾಕಿ ನೋಡಿದ, ಇಳಿಯುತ್ತೀನಿ ಅನ್ನಲಿಲ್ಲ. ಹಬ್ಬಕ್ಕೆ ಬರ್ತೀಯೇನೋ ಅಂತ ಅವರವ್ವ ದಿನಾ ಫೋನ್ ಮಾಡುತ್ತಿದ್ದಳು.

ಕತ್ತಲಾದಮೇಲೆ ಹುಬ್ಬಳ್ಳಿ ಗಬ್ಬೂರು ಕ್ರಾಸ್. ಶೋರೂಂ ಮುಚ್ಚಿತ್ತು.

ಗುರುವಾರ, ಹುಬ್ಬಳ್ಳಿ, ಧಾರವಾಡ

"ಲಗೂನ ಇಳಸ್ರಿ, ಪೂಜಾಕ್ಕ ಕೊಡಬೇಕಾಗೇತಿ" ಅಂತ ಶೋರೂಮಿನವರು ಬೆಳಗ್ಗೆ ಒಂಬತ್ತಕ್ಕೇ ನಿಂತಿದ್ದರು. ಕೆಳಗಿನ ಮೂರು ಕಾರು ಮುಕ್ಕಾಲು ತಾಸಿನಲ್ಲಿ ಇಳಿದವು. ಅವರ ತಪಾಸಣೆ ಹುಡುಗನೊಬ್ಬ ಟಾರ್ಚು ಹಿಡಿದು ಕಾರಿನ ಸುತ್ತ ಕುಕ್ಕರಗಾಲಲ್ಲಿ ಸರಿಯುತ್ತ ನೋಡಿದ. ಹಗಲಲ್ಲಿ ಟಾರ್ಚು ಯಾಕೆ ಅಂತ ಹೊಸಬರು ಕೇಳುತ್ತಾರೆ. ಬಿಸಿಲಲ್ಲಿ ಕಾಣದ ಗೀರು ಓರೆ ಬೆಳಕಲ್ಲಿ ಕಾಣುತ್ತೆ. ಏನೂ ಸಿಗಲಿಲ್ಲ. ಸೀಲು ಬಿತ್ತು.

ಆಮೇಲೆ ನಾನು ಮಾಡಿದ ಕೆಲಸ ನೋಡಿ ಶೋರೂಮಿನ ಸೆಕ್ಯುರಿಟಿಯವರು ನಕ್ಕರು. ಮೇಲಿದ್ದ ಬೆಳಗಾವಿಯ ಮೂರೂ ಕಾರು ಇಳಿಸಿ, ಕೆಳಗಿನ ಅಂತಸ್ತಿಗೆ ಹತ್ತಿಸಿ, ಮತ್ತೆ ಕಟ್ಟಿದೆ. ನೂರು ಕಿಲೋಮೀಟರಿಗೆ ಯಾಕಿಷ್ಟು ಒದ್ದಾಟ? ಕೆಳಗೆ ಖಾಲಿ, ಮೇಲೆ ಐದು ಟನ್ ಇಟ್ಟುಕೊಂಡು ಹುಬ್ಬಳ್ಳಿ–ಧಾರವಾಡ ಬೈಪಾಸಿನಲ್ಲಿ ಹೋಗಲು ನನಗೆ ಮನಸ್ಸಿಲ್ಲ. ನಾಲ್ಕು ಪಥದ ಹೆದ್ದಾರಿ ಬಂದು ಬಂದು ಅಲ್ಲಿ ವರ್ಷಾನುಗಟ್ಟಲೆ ಎರಡೇ ಪಥವಾಗಿ ಕುಗ್ಗುತ್ತಿತ್ತು. ಎದುರುಬದುರು ಡಿಕ್ಕಿಯಲ್ಲಿ ಅಲ್ಲಿ ಸತ್ತವರಿಗೆ ಲೆಕ್ಕವಿಲ್ಲ. 2021ರ ಜನವರಿಯಲ್ಲಿ ದಾವಣಗೆರೆಯ ಗೆಳತಿಯರ ಟೆಂಪೋ ಅಪಘಾತಕ್ಕೆ ಸಿಕ್ಕಿದ್ದೂ ಅಲ್ಲೇ, ಇಟಿಗಟ್ಟಿ ಹತ್ತಿರ. ನಾವು ಹೋದಾಗ ಆರು ಪಥದ ಕೆಲಸ ನಡೆದಿತ್ತು, ಅಲ್ಲಲ್ಲಿ ತಿರುಗುದಾರಿ, ಮಣ್ಣಿನ ಏರಿಳಿತ. ಮೇಲ್ಭಾರದ ಗಾಡಿ ಒಂದು ಚಕ್ರ ತಗ್ಗಿಗೆ ಇಳಿದರೆ ಹೇಗೆ ಓಲಾಡುತ್ತೆ ಅಂತ ಗೊತ್ತಿದ್ದವರು ನಗುವುದಿಲ್ಲ.

ಮಧ್ಯಾಹ್ನ ಕಿತ್ತೂರು, ಸಂಜೆ ಬೆಳಗಾವಿ.

ಶುಕ್ರವಾರ, ಬೆಳಗಾವಿ

ಬೆಳಗಿನ ಜಾವ ಗದ್ದಲಕ್ಕೆ ಎಚ್ಚರವಾಯಿತು. ನವರಾತ್ರಿಯಲ್ಲಿ ಬೆಳಗಾವಿಯಲ್ಲಿ ದುರ್ಗಾಮಾತಾ ದೌಡ್ ನಡೆಯುತ್ತೆ. ಬಿಳಿ ಬಟ್ಟೆ, ಕೇಸರಿ ಪೇಟ ತೊಟ್ಟ ಹುಡುಗರು ಹುಡುಗಿಯರು ಬರಿಗಾಲಲ್ಲಿ ಓಡುತ್ತ, ಘೋಷಣೆ ಕೂಗುತ್ತ ಓಣಿಯಿಂದ ಓಣಿಗೆ ಹೋಗುತ್ತಾರೆ. ನೋಡಲು ಚೆಂದ. ಆದರೆ ನನ್ನ ಕಣ್ಣು ಹೋದದ್ದು ರಸ್ತೆಗೆ ಅಡ್ಡ ಕಟ್ಟಿದ ಪತಾಕೆಯ ದಾರಗಳ ಕಡೆಗೆ. ಶೋರೂಮಿನ ರಸ್ತೆಯಲ್ಲಿ ಎಣಿಸಲಾಗದಷ್ಟು ಸಾಲು. ಹಬ್ಬದ ಪತಾಕೆಯನ್ನು ಟ್ರೈಲರಿನಲ್ಲಿ ಹರಿದುಕೊಂಡು ಹೋದವನಿಗೆ ಆ ಊರಲ್ಲಿ ಉಳಿಗಾಲವಿಲ್ಲ. ಶೋರೂಮಿನವರ ಜೊತೆ ಮಾತಾಡಿ ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲೇ ಕಾರು ಇಳಿಸಿದೆವು. ಅವರ ಹುಡುಗರು ಓಡಿಸಿಕೊಂಡು ಹೋದರು.

ಗೀರಿನ ಕಾರು ಇದರಲ್ಲೇ ಇತ್ತು. ಡ್ಯಾಮೇಜ್ ಅಂತ ಬರೆಯಲು ಪೆನ್ನು ಎತ್ತಿದರು. ಲೋಡಿಂಗ್ ಶೀಟು, ಫೋಟೋ, ಗೇಟಿನ ಸಹಿ ತೋರಿಸಿದೆ. ಹತ್ತು ನಿಮಿಷ ಫೋನಿನಲ್ಲಿ ಮಾತಾಡಿ, "ಮೊದಲೇ ಇತ್ತು" ಅಂತ ಬರೆದರು. ಅವರದ್ದೂ ತಪ್ಪಿಲ್ಲ. ಗಿರಾಕಿ ಮುಂದೆ ನಿಲ್ಲುವವರು ಅವರು.

ಮುಂದಿನ ಲೋಡು ಚಾಕಣದಿಂದ. ಖಾಲಿ ಟ್ರೈಲರ್ ಎಂದರೆ ಡಬ್ಬದ ಸದ್ದು. ನಿಪ್ಪಾಣಿ, ಕೊಗನೊಳ್ಳಿ ಟೋಲ್, ಕಾಗಲ್, ಕೊಲ್ಹಾಪುರ. ಮಳೆ. ಕರಾಡ ದಾಟಿ ಸಾತಾರಾ ಹತ್ತಿರ ಮಲಗಿದೆವು.

ಶನಿವಾರ, ಖಂಬಾಟಕಿಯಿಂದ ಚಾಕಣ

ಸಾತಾರಾದಿಂದ ಪುಣೆಗೆ ಹೋಗುವವರಿಗೆ ಖಂಬಾಟಕಿಯಲ್ಲಿ ಸುರಂಗ. ಪುಣೆಯಿಂದ ಬರುವವರು ಆಗ ಘಾಟಿ ಹತ್ತಬೇಕಿತ್ತು. ಸುರಂಗ ಸುಲಭ ಅಂತ ಹೊಸಬರು ಖುಷಿಪಡುತ್ತಾರೆ. ಸುರಂಗ ಮುಗಿದ ಕೂಡಲೇ ಇಳಿಜಾರಿನಲ್ಲೇ ಎಸ್ ಆಕಾರದ ತಿರುವಿದೆ, ಅಲ್ಲಿ ಉರುಳಿದ ಲಾರಿಗಳಿಗೆ ಲೆಕ್ಕವಿಲ್ಲ. ಖಾಲಿಯಾಗಿದ್ದರೂ ಎರಡನೇ ಗೇರಿನಲ್ಲಿ ಇಳಿದೆ.

ನಿಜವಾದ ಪರೀಕ್ಷೆ ಕಾತ್ರಜ್ ಹೊಸ ಸುರಂಗದ ಆಚೆ. ಅಲ್ಲಿಂದ ನವಲೆ ಸೇತುವೆಯ ತನಕ ರಸ್ತೆ ಒಂದೇ ಸಮ ಇಳಿಯುತ್ತೆ, ಇಳಿದ ತುದಿಯಲ್ಲಿ ಊರಿನ ಟ್ರಾಫಿಕ್ ನಿಂತಿರುತ್ತೆ. 2022ರ ನವೆಂಬರ್‌ನಲ್ಲಿ ಒಂದು ಭಾರಿ ಗಾಡಿ ಅಲ್ಲಿ ಹತ್ತಾರು ವಾಹನಗಳಿಗೆ ಗುದ್ದಿತು. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವ ಚಾಳಿ ನಮ್ಮವರಲ್ಲಿ ಇನ್ನೂ ಇದೆ. ಉಳಿದ ಡೀಸೆಲ್ ದುಡ್ಡು ಡ್ರೈವರಿಗೆ ಅನ್ನುವ ಲೆಕ್ಕ ಮಾಡಿಟ್ಟವರು ಈ ಚಾಳಿಗೆ ಅರ್ಧ ಕಾರಣ. ನ್ಯೂಟ್ರಲ್‌ನಲ್ಲಿ ಇಂಜಿನ್ ಹಿಡಿತ ಹೋಗುತ್ತೆ, ಎಲ್ಲ ಭಾರ ಬ್ರೇಕಿನ ಮೇಲೆ. ನಾಲ್ಕು ಸಲ ತುಳಿದರೆ ಡ್ರಮ್ಮು ಕಾದು ಬ್ರೇಕು ಹಿಡಿಯುವುದನ್ನೇ ಬಿಡುತ್ತೆ. ಮುಂದಿದ್ದ ಲಾರಿಯೊಂದರ ಚಕ್ರದಿಂದ ಸುಟ್ಟ ವಾಸನೆ ನನ್ನ ಕ್ಯಾಬಿನ್ನಿನೊಳಗೆ ಬಂತು. ಹುಡುಗ ಮೂಗು ಮುಚ್ಚಿಕೊಂಡ. ಇದನ್ನು ನೆನಪಿಟ್ಟುಕೋ ಅಂದೆ.

ವಾಕಡ್, ದೇಹು ರೋಡ್, ತಳೇಗಾಂವ್. ತಳೇಗಾಂವ್–ಚಾಕಣ ರಸ್ತೆ ಒಂದಿಷ್ಟೇ ಉದ್ದ, ಆದರೆ ಕಂಪನಿ ಬಸ್ಸು, ಕಂಟೇನರ್, ಟ್ರೈಲರ್ ಎಲ್ಲ ಅದರಲ್ಲೇ. ಚಾಕಣದ ಸುತ್ತ ಫೋಕ್ಸ್‌ವ್ಯಾಗನ್, ಮಹೀಂದ್ರಾ, ಇನ್ನೂ ಎಷ್ಟೋ ಕಾರ್ಖಾನೆ. ಇಡೀ ಮಧ್ಯಾಹ್ನ ಆ ರಸ್ತೆಗೇ ಹೋಯಿತು.

ಭಾನುವಾರ, ಚಾಕಣ

ಹಬ್ಬದ ಒತ್ತಡಕ್ಕೆ ಯಾರ್ಡ್ ಭಾನುವಾರವೂ ತೆರೆದಿತ್ತು. ಫೋಕ್ಸ್‌ವ್ಯಾಗನ್ನಿನ ವರ್ಟಸ್ ಮತ್ತು ಟೈಗುನ್ ಸೇರಿ ಏಳು ಕಾರು, ಎಲ್ಲ ಬೆಂಗಳೂರಿಗೆ. ಮಾಲು ಸಾಗಿಸಲು ಬೇಕಾದ ಕಾಗದ ಇ-ವೇ ಬಿಲ್ಲಿಗೆ 200 ಕಿಲೋಮೀಟರಿಗೆ ಒಂದು ದಿನ ಅಂತ ಲೆಕ್ಕ. ಬೆಂಗಳೂರಿಗೆ ಐದು ದಿನ ಸಿಗುತ್ತೆ. ಕಾಗದ ಐದು ದಿನ ಕೊಟ್ಟರೂ ಶೋರೂಂ ಕೊಟ್ಟದ್ದು ಎರಡು. ಮಂಗಳವಾರ ರಾತ್ರಿಯೊಳಗೆ ಬಾರದಿದ್ದರೆ ಬುಧವಾರದ ಡೆಲಿವರಿ ಹೋಯಿತು ಅಂತ ಲೋಡ್ ಮುಗಿಯುವ ಮೊದಲೇ ಫೋನು.

ಕಾಯುವಾಗ ಪಕ್ಕದ ಡ್ರೈವರುಗಳ ಮಾತು ಎಸಿ ಕ್ಯಾಬಿನ್ ಬಗ್ಗೆ. ಅಕ್ಟೋಬರ್ 1ರಿಂದ ತಯಾರಾಗುವ ಭಾರಿ ಲಾರಿಗಳಿಗೆಲ್ಲ ಎಸಿ ಕ್ಯಾಬಿನ್ ಕಡ್ಡಾಯ. ನಮ್ಮ ಗಾಡಿ ಹಳೆಯದು, ನಮಗೆ ಫ್ಯಾನೇ ಗತಿ. ಏಳು ಎಸಿ ಕಾರು ಬೆನ್ನ ಮೇಲೆ ಹೊತ್ತು ಬೆವರುವುದರ ಬಗ್ಗೆ ಎಲ್ಲರೂ ಮಾಡುವ ಜೋಕನ್ನು ಅಲ್ಲೂ ಒಬ್ಬರು ಮಾಡಿದರು.

ಸಂಜೆ ಹೊರಟೆವು.

ಸೋಮವಾರ

ಓಡಿಸಿದ್ದಷ್ಟೇ. ಖಂಬಾಟಕಿ ಘಾಟಿ ರಾತ್ರಿಯೇ ಹತ್ತಿಯಾಗಿತ್ತು. ಕೊಲ್ಹಾಪುರದ ಆಚೆ ಯೂರಿಯಾ ದೀಪ ಹತ್ತಿತು, ಬಂಕಿನಲ್ಲಿ ಒಂದು ಬಕೆಟ್ ಹಾಕಿಸಿದೆ. ಬಿಎಸ್ 6 ಅನ್ನುವ ಹೊಗೆ ನಿಯಮದ ಗಾಡಿಗೆ ಡೀಸೆಲ್ ಇದ್ದರೂ, ಹೊಗೆ ಶುದ್ಧ ಮಾಡುವ ಯೂರಿಯಾ ದ್ರವ ಇಲ್ಲದಿದ್ದರೆ ಇಂಜಿನ್ ಬಲ ಕೊಡುವುದಿಲ್ಲ. ಬಂಕಾಪುರ ದಾಟಿ ನಿದ್ದೆ. ಹಾವೇರಿಯಲ್ಲಿ ಹುಡುಗನ ಅಪ್ಪ ಹೆದ್ದಾರಿಗೇ ಬಂದು ಒಂದು ಚೀಲ ಶೇಂಗಾ, ರೊಟ್ಟಿ, ಬ್ಯಾಡಗಿ ಮೆಣಸಿನಕಾಯಿ ಕೊಟ್ಟು, ಮಗನ ಮುಖ ನೋಡಿ, ಐದು ನಿಮಿಷದಲ್ಲಿ ಹೋದರು.

ಮಂಗಳವಾರ, ಬೆಂಗಳೂರು

ಸಂಜೆ ಐದಕ್ಕೆ ನೆಲಮಂಗಲ. ಊರು ಕಣ್ಣಳತೆಯಲ್ಲಿದೆ, ಒಳಗೆ ಹೋಗುವ ಹಾಗಿಲ್ಲ. ಹಗಲು ಭಾರಿ ವಾಹನಗಳಿಗೆ ನಗರದೊಳಗೆ ಪ್ರವೇಶವಿಲ್ಲ. ಇದು ನ್ಯಾಯವಾದ ನಿಯಮವೇ. ಗೊರಗುಂಟೆಪಾಳ್ಯದಲ್ಲಿ ಸಂಜೆ ಆರಕ್ಕೆ 18 ಮೀಟರ್ ಟ್ರೈಲರ್ ತಿರುಗಿಸಿದರೆ ಜನ ನನ್ನನ್ನು ಹೊಡೆಯುತ್ತಾರೆ. ಆದರೆ ಬೆಂಗಳೂರಿಗೆ ಕಾರು ಸಾಗಿಸುವ ಡ್ರೈವರಿನ ಪಾಡು ಕೇಳಿ: ಊರು ನಮ್ಮನ್ನು ರಾತ್ರಿ ಮಾತ್ರ ಒಳಗೆ ಬಿಡುತ್ತೆ, ಶೋರೂಂ ಹಗಲು ಮಾತ್ರ ಕಾರು ಇಳಿಸಿಕೊಳ್ಳುತ್ತೆ. ಹಾಗಾಗಿ ಎಷ್ಟೋ ಸಲ ರಾತ್ರಿ ಒಳಗೆ ಹೋಗಿ, ಶೋರೂಮಿನ ಮುಂದೆ ನಿಲ್ಲಿಸಿ, ಬೆಳಗ್ಗೆ ಇಳಿಸಿ, ಹೊರಗೆ ಬರಲು ಮತ್ತೆ ರಾತ್ರಿಯಾಗುವವರೆಗೆ ಎಲ್ಲೋ ಮೂಲೆಯಲ್ಲಿ ಅಡಗಿ ಕೂತು ದಿನ ಕಳೆದಿದ್ದೇನೆ. ಸಾವಿರ ಕಿಲೋಮೀಟರಿಗೆ ಎರಡು ದಿನ, ಕೊನೆಯ ಇಪ್ಪತ್ತು ಕಿಲೋಮೀಟರಿಗೆ ಇನ್ನೊಂದು ದಿನ. ಬಾಡಿಗೆ ಬರೆಯುವವರು ಮೊದಲನೆಯದನ್ನು ಮಾತ್ರ ಎಣಿಸುತ್ತಾರೆ.

ಈ ಸಲ ಹಬ್ಬದ ಪುಣ್ಯ. ರಾತ್ರಿಯೇ ಇಳಿಸಿಕೊಳ್ಳುತ್ತೇವೆ, ಜನ ಇಟ್ಟಿರುತ್ತೇವೆ ಅಂದರು ಕಾರು ಇಳಿಸಬೇಕಿದ್ದ ಎರಡೂ ಶೋರೂಮಿನವರು.

ಹತ್ತರ ಮೇಲೆ ಹೊರಟೆವು. ಮಾದಾವರದಿಂದ ಮೆಟ್ರೋ ಮಾರ್ಗ ತಲೆ ಮೇಲೆ ಜೊತೆಗೆ ಬರುತ್ತೆ, ಅದರ ಕೆಳಗೆ ಎತ್ತರದ ಭಯವಿಲ್ಲ. ಪೀಣ್ಯ ಫ್ಲೈಓವರ್ 2021ರ ಡಿಸೆಂಬರ್‌ನಲ್ಲಿ ಕೇಬಲ್ ದೋಷ ಅಂತ ಮುಚ್ಚಿತ್ತು. ಸಣ್ಣ ಗಾಡಿಗಳಿಗೆ ಬೇಗ ಬಿಟ್ಟರು, ನಮ್ಮಂಥವರಿಗೆ 2024ರ ಜುಲೈ ತನಕ ಕೆಳಗಿನ ರಸ್ತೆಯೇ ಆಗಿತ್ತು. ಆಮೇಲೂ ಶುಕ್ರವಾರ ಬಿಡುತ್ತಿರಲಿಲ್ಲ. ಅವತ್ತು ಮಂಗಳವಾರ, ಮೇಲೆ ಹತ್ತಿದೆವು. ಮೇಲಿನಿಂದ ಪೀಣ್ಯದ ವರ್ಕ್‌ಶಾಪುಗಳು ಕಾಣುತ್ತಿದ್ದವು. ಲೇತ್ ಯಂತ್ರಗಳನ್ನು ಒರೆಸಿ, ಶಟರಿಗೆ ಬಾಳೆಕಂದು ಕಟ್ಟಿ, ದೀಪದ ಸರ ಹಾಕುತ್ತಿದ್ದರು. ರಸ್ತೆ ಬದಿಯಲ್ಲಿ ಬೂದುಗುಂಬಳದ ರಾಶಿ. ಮಾರನೇ ದಿನ ಅವೆಲ್ಲ ಒಡೆದು ರಸ್ತೆಯ ತುಂಬ ತಿರುಳು ಜಾರುತ್ತೆ. ಆಯುಧ ಪೂಜೆಯ ಮರುದಿನ ಬೈಕಿನವರು ಜಾರಿ ಬೀಳುವುದನ್ನು ನೋಡದ ಬೆಂಗಳೂರಿನ ಡ್ರೈವರ್ ಇಲ್ಲ.

ಮೊದಲ ಶೋರೂಂ ವರ್ತುಲ ರಸ್ತೆಯ ಮೇಲೇ ಇತ್ತು. ನಾಲ್ಕು ಕಾರು, ಒಂದು ತಾಸು. ಸಲೀಸು.

ಎರಡನೆಯವರ ಸ್ಟಾಕ್ ಯಾರ್ಡ್ ಸುಮನಹಳ್ಳಿಯಿಂದ ಮಾಗಡಿ ರಸ್ತೆಗೆ ತಿರುಗಿ ಸುಂಕದಕಟ್ಟೆಯ ಒಂದು ಅಡ್ಡರಸ್ತೆಯಲ್ಲಿ. ಮೂರು ಕಾರು, ಮೂರೂ ಮೇಲಿನ ಅಂತಸ್ತಿನಲ್ಲಿ. ಅಡ್ಡರಸ್ತೆಯ ಬಾಯಲ್ಲೇ ಗಾಡಿ ನಿಲ್ಲಿಸಿ ಇಬ್ಬರೂ ನಡೆದು ಹೋಗಿ ನೋಡಿಬಂದೆವು. ಬೆಂಗಳೂರಿನ ಅಡ್ಡರಸ್ತೆಗೆ ನಡೆದು ನೋಡದೆ ನುಗ್ಗಬಾರದು. ವಿದ್ಯುತ್ ತಂತಿ ಎತ್ತರದಲ್ಲಿತ್ತು, ಅದರ ಚಿಂತೆಯಿಲ್ಲ. ಅದರ ಕೆಳಗೆ ಇಂಟರ್ನೆಟ್ ಕೇಬಲ್ಲು. ಕಂಬದಿಂದ ಮರಕ್ಕೆ, ಮರದಿಂದ ಇನ್ನೊಂದು ಮರಕ್ಕೆ, ಕಪ್ಪು ಕೇಬಲ್ಲಿನ ಕಟ್ಟುಗಳು ಹೊಟ್ಟೆ ಜೋತು ಬಿದ್ದಿದ್ದವು. ಕೆಲವು ನನ್ನ ಲೆಕ್ಕದಲ್ಲಿ ನಾಲ್ಕು ಮೀಟರ್ ಕೂಡ ಇರಲಿಲ್ಲ. ನಡುವೆ ಒಂದು ಮಳೆಮರದ ಕೊಂಬೆ. ಅದರಾಚೆ ಗ್ಯಾರೇಜಿನವರ ಆಯುಧ ಪೂಜೆ ಕಮಾನು, ಬಿದಿರು ಮತ್ತು ಸೀರಿಯಲ್ ಲೈಟು.

ಹುಡುಗ ಕವೆಗೋಲು ತಂದ. ಒಣ ಬಿದಿರಿನ ಗಳು, ತುದಿಗೆ ಕವಲೊಡೆದ ಪ್ಲಾಸ್ಟಿಕ್ ಪೈಪು, ಪೈಪಿಗೆ ಹಳೇ ಟ್ಯೂಬಿನ ರಬ್ಬರು ಸುತ್ತಿದೆ. ಮೊದಲ ಪಾಠ ಇದು: ಮಿರಮಿರ ಹೊಳೆಯುವ ಬರಿ ತಂತಿ ಕಂಡರೆ ಕೋಲು ಎತ್ತಲೇಬಾರದು, ಗಾಡಿ ಹಿಂದಕ್ಕೆ ತೆಗೆಯಬೇಕು. ಕಪ್ಪು ದಪ್ಪ ಕಟ್ಟಾದರೆ ಕೇಬಲ್, ಎತ್ತಬಹುದು. ಅವನು ಮೇಲಿನ ಅಂತಸ್ತಿಗೆ ಹತ್ತಿ, ಮುಂದಿನ ಕಾರಿನ ಮೂತಿಯ ಮುಂದೆ ಮಂಡಿಯೂರಿ, ಕೇಬಲ್ಲಿನ ಹೊಟ್ಟೆಗೆ ಕವೆ ಕೊಟ್ಟು ಎತ್ತಿದ. "ಬರ‍್ರಿ" ಅಂದರೆ ನಾನು ಕ್ಲಚ್ಚಿನಲ್ಲೇ ಒಂದು ಮಾರು ಸರಿಸುವುದು, "ಹೋ" ಅಂದರೆ ನಿಲ್ಲುವುದು. ಅವನು ಕೇಬಲ್ಲನ್ನು ಕಾರಿನ ನೆತ್ತಿಯ ಮೇಲೆ ತಾಗಿಸದೆ ಹಿಂದಕ್ಕೆ ದಾಟಿಸಿಕೊಂಡು ಹೋಗಿ, ಕೊನೆಯ ಕಾರಿನ ಆಚೆ ಮೆಲ್ಲಗೆ ಬಿಡುವುದು. ಮತ್ತೆ ಮುಂದೆ ಬಂದು ಮುಂದಿನ ಕಟ್ಟು. ಕಿಟಕಿ ತೆರೆದು ಒಬ್ಬ ಅಜ್ಜಿ, "ನಮ್ ಮನೆ ನೆಟ್ ಕಟ್ ಮಾಡ್ಬೇಡ್ರಪ್ಪ, ಮೊಮ್ಮಗ ಕೆಲಸ ಮಾಡ್ತಾವ್ನೆ" ಅಂದರು. ರಾತ್ರಿ ಒಂದು ಗಂಟೆ.

ಕೊಂಬೆಗೆ ಉಪಾಯವಿರಲಿಲ್ಲ. ಕಡಿಯಲು ನಮಗೆ ಅಧಿಕಾರವಿಲ್ಲ, ಹಾಗೇ ನುಗ್ಗಿದರೆ ಮೇಲಿನ ಕಾರಿನ ಛಾವಣಿ ಗೀರುತ್ತೆ. ಅಲ್ಲೇ ನಿಲ್ಲಿಸಿ, ಹಿಂದಿನ ಇಳಿಜಾರು ಹಾಸಿ, ಮೂರು ಕಾರನ್ನೂ ರಸ್ತೆ ನಡುವೆಯೇ ಇಳಿಸಿದೆವು. ಗ್ಯಾರೇಜಿನ ಹುಡುಗರು ಕಮಾನು ಕಟ್ಟುವುದನ್ನು ಬಿಟ್ಟು ಬಂದು ಸುತ್ತ ನಿಂತರು. ಒಬ್ಬ ಹಿಂದಕ್ಕೆ ಸನ್ನೆ ಮಾಡಲು ತಾನೇ ಮುಂದಾದ, ಇನ್ನೊಬ್ಬ ರಸ್ತೆಯ ಬಾಯಲ್ಲಿ ನಿಂತು ಆಟೋಗಳನ್ನು ತಡೆದ. ಯಾರ್ಡಿನ ಹುಡುಗ ಟಾರ್ಚು ಹಿಡಿದು ನೋಡಿದ. ಛಾವಣಿ, ಬಂಪರು, ಬಾಗಿಲಂಚು, ರಿಮ್ಮು. ಮೂರೂ ಕ್ಲೀನ್. ಸೀಲಿನ ಇಂಕು ಒಣಗಿತ್ತು, ಉಗುಳು ಹಚ್ಚಿ ಒತ್ತಿದ.

ಒಂದು ಕಾರಿನ ಮೀಟರು ಹನ್ನೊಂದು ಕಿಲೋಮೀಟರ್ ತೋರಿಸುತ್ತಿತ್ತು. ನಾಳೆ ಅದಕ್ಕೆ ಹಾರ ಹಾಕಿ, ನಿಂಬೆಹಣ್ಣು ಹತ್ತಿಸಿ ಮನೆಗೆ ಒಯ್ಯುವವರು, ಬರೀ ಹನ್ನೊಂದು ಓಡಿದೆ, ಹೊಚ್ಚಹೊಸದು ಅಂತ ಎಲ್ಲರಿಗೂ ತೋರಿಸುತ್ತಾರೆ.

ಹಿಂದಕ್ಕೆ ಬರುವಾಗ ಅದೇ ಕೇಬಲ್ಲುಗಳು, ಆದರೆ ಮೇಲೆ ಕಾರಿಲ್ಲ. ಅಂತಸ್ತನ್ನು ಕೆಳಗಿಳಿಸಿಕೊಂಡು ಸಲೀಸಾಗಿ ಬಂದೆವು. ನೈಸ್ ರಸ್ತೆಯ ಪಕ್ಕ ಗಾಡಿ ಹಾಕುವ ಹೊತ್ತಿಗೆ ಮೂರೂವರೆ. ಹುಡುಗ ಚೀಲ ಹಿಡಿದು ಹಾವೇರಿ ಬಸ್ಸಿಗೆ ಓಡಿದ, ಹಬ್ಬದ ಊಟದ ಹೊತ್ತಿಗೆ ಮನೆ ಮುಟ್ಟುತ್ತಾನಂತೆ. ನಾನು ಟ್ರಿಪ್ ಲೆಕ್ಕ ಬರೆದೆ: ಡೀಸೆಲ್, ಯೂರಿಯಾ, ಎರಡು ಊರಿನ ಇಳಿಸುವ ಖರ್ಚು, ಬೆಳಗಾವಿಯಲ್ಲಿ ಹೆಚ್ಚುವರಿ ಪಾರ್ಕಿಂಗ್. ನೆಲಮಂಗಲದಲ್ಲಿ ಕಾದ ಐದು ತಾಸಿಗೆ ಕಾಲಂ ಇಲ್ಲ, ಯಾವತ್ತೂ ಇರಲಿಲ್ಲ. ಆದರೂ ಅಂಚಿನಲ್ಲಿ ಬರೆದಿಟ್ಟೆ. ಮುಂದಿನ ಲೋಡ್ ಶುಕ್ರವಾರ, ಕೊಚ್ಚಿಗೆ.